ಅಪ್ಪ ಉದ್ರಿ ಬರೆಸುತ್ತಿದ್ದ ಅಂಗಡಿ

ಪ್ರಶ್ನೆ: ನನ್ನ ತವರು ಸಾಗರ. ಅಪ್ಪ ಪ್ರಾಥಮಿಕ ಶಾಲೆ ಮೇಷ್ಟ್ರು. ಪ್ರತಿ ಜೂನ್‌ನಲ್ಲಿ ಪೇಟೆಯ ಅದೇ ಅಂಗಡಿಯಲ್ಲಿ ನೋಟ್‌ಬುಕ್ಕು, ಕಂಪಾಸ್ ಪೆಟ್ಟಿಗೆ, ಬೈಂಡ್ ಹಾಕಲು ಖಾಕಿ ಹಾಳೆ ಕೊಡಿಸುತ್ತಿದ್ದರು; ಸಂಬಳ ಆಗುವವರೆಗೆ ಉದ್ರಿ. ಅವರು ತೀರಿಕೊಂಡು ಎರಡು ವರ್ಷ. ಆಗ ಅಮ್ಮನನ್ನು ಸಂಭಾಳಿಸುವುದರಲ್ಲೇ ದಿನ ಕಳೆದು ಸರಿಯಾಗಿ ಅಳಲೂ ಇಲ್ಲ. ಈಗ ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತಾರಂತೆ. ಮಗನ ಶಾಲೆಯಲ್ಲಿ ಹೊಸ ಪುಸ್ತಕದ ಕಟ್ಟು ಬಿಚ್ಚಿದಾಗ ಆ ವಾಸನೆಗೇ ಅತ್ತುಬಿಟ್ಟೆ. ಹತ್ತು ವರ್ಷದ ಮಗನಿಗೆ ಅಂಗಡಿ ತೋರಿಸಬೇಕೆಂದರೆ ಕ್ರಿಕೆಟ್ ಕೋಚಿಂಗ್ ಬಿಟ್ಟು ಬರಲ್ಲ ಅಂತಾನೆ. ‘ಒಂದು ಅಂಗಡಿಗೋಸ್ಕರ ಅಷ್ಟು ದೂರವಾ?’ ಅಂತಾರೆ ಯಜಮಾನರು. ಮಗನನ್ನು ಬಲವಂತ ಮಾಡಲೇ?
– ಹೆಸರು ಬೇಡ, ಮೈಸೂರು

ಉತ್ತರ: ತಂಗಿ, ಹೋಗಿ ಬನ್ನಿ. ಮಗನನ್ನು ಬಿಟ್ಟು ಹೋಗಿ. ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಸಾಗರದಲ್ಲಿರುತ್ತೀರಿ.

ಮಗನ ಮೇಲೆ ಬೇಸರ ಬೇಡ. ಅವನು ನೋಡುವುದು ಅರ್ಧ ಖಾಲಿಯಾದ ಕಪಾಟುಗಳನ್ನು ಮಾತ್ರ. ನಿಮಗೆ ಕಾಣುವ ಅಪ್ಪ ಅವನಿಗೆ ಅಲ್ಲಿ ಕಾಣುವುದಿಲ್ಲ. ಬಲವಂತವಾಗಿ ಕರೆದುಕೊಂಡು ಹೋದರೆ ನೀವು ಅವನ ಮುಖವನ್ನೇ ನೋಡುತ್ತಿರುತ್ತೀರಿ, ಅವನಿಗೂ ಅಳು ಬರಲಿ ಎಂದು ಕಾಯುತ್ತೀರಿ. ಅದು ಬರುವುದಿಲ್ಲ. ತಾತನ ಕಥೆ ಅವನಿಗೆ ಮನೆಯಲ್ಲೇ ಹೇಳಬಹುದು, ಅವನ ಪುಸ್ತಕಕ್ಕೆ ಬೈಂಡ್ ಹಾಕುತ್ತಾ.

ಇನ್ನು ಯಜಮಾನರ ಮಾತು. ಒಂದು ಅಂಗಡಿ ಅನ್ನುವುದು ಸಣ್ಣ ವಿಷಯವಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಟಿ. ಎಸ್. ಶಾನಭಾಗರು 1971ರಲ್ಲಿ ತೆರೆದ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಮುಚ್ಚಿತು. 2021ರ ಮೇ ತಿಂಗಳಲ್ಲಿ ಶಾನಭಾಗರು ಕೋವಿಡ್‌ನಿಂದ ತೀರಿಕೊಂಡಾಗ, ಅಂಗಡಿ ಹೋಗಿ ಅಷ್ಟು ವರ್ಷಗಳಾಗಿದ್ದರೂ, ಓದುಗರು ಮನೆಯ ಹಿರಿಯರು ಹೋದರೆಂಬಂತೆ ದುಃಖಪಟ್ಟು ಬರೆದರು. ಯಾರಿಗೆ ಯಾವ ಪುಸ್ತಕ ಬೇಕೆಂದು ಅವರಿಗೆ ಗೊತ್ತಿತ್ತು, ರಾಶಿಯ ಅಡಿಯಿಂದ ಎಳೆದು ಕೊಡುತ್ತಿದ್ದರು. ಹಾಗೆ ನಮ್ಮನ್ನು ಬಲ್ಲವರೊಬ್ಬರು ಕಡಿಮೆಯಾದರೆ ನೋವಾಗದೆ ಇರುತ್ತದೆಯೇ?

ನಿಮ್ಮೂರಿನ ಅಂಗಡಿ ಯಾಕೆ ಮುಚ್ಚುತ್ತಿದೆಯೋ, ನೀವು ಬರೆದಿಲ್ಲ. ಆದರೆ ಪಠ್ಯಪುಸ್ತಕ, ನೋಟ್‌ಬುಕ್ಕು, ಸಮವಸ್ತ್ರ ಎಲ್ಲವನ್ನೂ ಖಾಸಗಿ ಶಾಲೆಗಳೇ ಕಟ್ಟು ಕಟ್ಟಿ ಮಾರಿದರೆ ಪೇಟೆಯ ಅಂಗಡಿಗೆ ಜೂನ್ ತಿಂಗಳ ವ್ಯಾಪಾರ ಎಲ್ಲಿ ಉಳಿಯುತ್ತದೆ? ಶಾಲೆಯ ಆವರಣದಲ್ಲಿ ಇಂಥ ಮಾರಾಟ ಬೇಡವೆಂದು ಸಿಬಿಎಸ್‌ಇ 2017ರಲ್ಲೇ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತ್ತು. ಮಾರಾಟ ಮಾತ್ರ ನಡೆದೇ ಇದೆ. ಇದು ನನಗೂ ಸಂಕಟದ ಸಂಗತಿ.

ಪುಸ್ತಕದ ವಾಸನೆಗೆ ಅತ್ತಿದ್ದಕ್ಕೆ ನಾಚಿಕೆಪಡಬೇಡಿ. ನೋಟ, ಶಬ್ದಗಳು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತವೆ. ವಾಸನೆ ಆ ಬಳಸುದಾರಿ ಹಿಡಿಯದೆ ಭಾವನೆ, ನೆನಪುಗಳ ಜಾಗಕ್ಕೆ ಬೇಗ ತಲುಪುತ್ತದೆ. ಅದಕ್ಕೇ ಯೋಚಿಸುವ ಮೊದಲೇ ಕಣ್ಣು ತುಂಬುವುದು. ಎರಡು ವರ್ಷದ ಹಿಂದೆ ಅಳಲಾಗದ್ದನ್ನು ಈಗ ಅಳುತ್ತಿದ್ದೀರಿ, ಅಷ್ಟೇ.

ಅಲ್ಲಿಗೆ ಹೋದಮೇಲೆ ಏನು ಮಾಡಬೇಕೆನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಫೋಟೋ ತೆಗೆಯಿರಿ, ಒಂದು ಕಂಪಾಸ್ ಪೆಟ್ಟಿಗೆ ಕೊಳ್ಳಿ, ಆದರೆ ಅಷ್ಟಕ್ಕೇ ಹೊರಡಬೇಡಿ. ಅಂಗಡಿಯ ಯಜಮಾನರ ಹತ್ತಿರ ಕೂತು ಅಪ್ಪನ ಬಗ್ಗೆ ಕೇಳಿ. ನಿಮಗೆ ಗೊತ್ತಿರುವುದು ಕೊಡಿಸುವ ಅಪ್ಪ. ಉದ್ರಿ ಕೇಳುವಾಗಿನ ಅಪ್ಪ, ಸಂಬಳ ತಡವಾದ ತಿಂಗಳ ಅಪ್ಪ, ನೀವಿಲ್ಲದಾಗ ಬಂದು ನಿಮ್ಮ ಅಂಕಗಳ ಬಗ್ಗೆ ಹೇಳಿಕೊಂಡ ಅಪ್ಪ ಅವರಿಗೆ ಗೊತ್ತಿರಬಹುದು. ಇದನ್ನೆಲ್ಲ ಹೇಳಬಲ್ಲವರು ಇನ್ನೆಷ್ಟು ಜನ ಉಳಿದಿದ್ದಾರೆ? ಹೊರಡುವ ಮೊದಲು ಫೋನ್ ಮಾಡಿ, ಗಿರಾಕಿ ಕಡಿಮೆ ಇರುವ ಹೊತ್ತು ಕೇಳಿಕೊಳ್ಳಿ. ಹಳೆಯ ಉದ್ರಿ ಪುಸ್ತಕ ಇದ್ದರೆ ಅಪ್ಪನ ಪುಟ ನೋಡಬಹುದೇ ಎಂದೂ ಕೇಳಿ. ರದ್ದಿಗೆ ಹೋದಮೇಲೆ ಸಿಗದು. ಸಾಧ್ಯವಾದರೆ ಅಮ್ಮನನ್ನೂ ಜೊತೆಗೆ ಕರೆದುಕೊಳ್ಳಿ, ಆ ಮಾತುಗಳಲ್ಲಿ ಅವರಿಗೂ ಪಾಲಿದೆ.

ಬಂದ ಮೇಲೂ ಊಟ, ನಿದ್ದೆ ಹಿಡಿಸದೆ ವಾರಗಟ್ಟಲೆ ಹೀಗೇ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.