ಮಗು ತುಂಬಾ ಚುರುಕಾಗಿದ್ದರೆ ಅಪ್ಪ ಅಮ್ಮ ಏನು ಮಾಡಬೇಕು?

ಮಗಳಿಗೆ ಐದು ವರ್ಷ, ಯಾರೂ ಹೇಳಿಕೊಡದೆ ಓದುತ್ತಾಳೆ, ಬಾಯಲ್ಲೇ ಗುಣಾಕಾರ ಮಾಡುತ್ತಾಳೆ, ಐಕ್ಯೂ ಟೆಸ್ಟ್ ಮಾಡಿಸೋದಾ, ಒಂದು ಕ್ಲಾಸ್ ಮೇಲಕ್ಕೆ ಹಾಕಿಸೋದಾ ಅಂತ ಕೇಳಿದ್ದೀರಿ. ಮನೆಗೆ ಬಂದವರ ಮುಂದೆ ಲೆಕ್ಕ ಹೇಳಿಸುತ್ತೇವೆ, ಅದು ತಪ್ಪಾ ಅಂತಲೂ ಕೇಳಿದ್ದೀರಿ. ನನ್ನ ಮಗನೂ ಹೀಗೇ ಇದ್ದ. ಈಗ ಅವನಿಗೆ 13.

ಟೆಸ್ಟಿಗೆ ಅವಸರ ಬೇಡ. ಸರಾಸರಿ ಐಕ್ಯೂ 100, 130 ದಾಟುವವರು ನೂರಕ್ಕೆ ಸುಮಾರು ಇಬ್ಬರು, ಸರಿ. ಆದರೆ ಐದು ವರ್ಷಕ್ಕೆ ಬಂದ ನಂಬರ್ ಮುಂದೆ ಬದಲಾಗಬಹುದು. 1921ರಲ್ಲಿ ಲೂಯಿಸ್ ಟರ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ, ಜಾಣ ಮಕ್ಕಳು ಮುಂದೆ ಏನಾಗುತ್ತಾರೆ ಅಂತ ನೋಡೋಕೆ, ಐಕ್ಯೂ ಟೆಸ್ಟ್ ಮಾಡಿ ಮಕ್ಕಳನ್ನು ಆರಿಸಿದರು. ಆಗ ಆಯ್ಕೆಯಾಗದೆ ಉಳಿದ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಮುಂದೆ ಭೌತಶಾಸ್ತ್ರಕ್ಕೆ ನೊಬೆಲ್ ಪಡೆದರು! ಶಾಲೆಯವರು ಕೇಳಿದರೆ, ಅಥವಾ ಮಗುವಿಗೆ ಏನೋ ತೊಂದರೆ ಇದೆ ಅನ್ನಿಸಿದರೆ ಮಾಡಿಸಿ.

ನಿಜವಾದ ಕಷ್ಟ ಬೇರೆ ಇದೆ. ತಲೆ ಹತ್ತು ವರ್ಷದ್ದು, ಕೈ ಐದು ವರ್ಷದ್ದು, ಅಳು ಮೂರು ವರ್ಷದ್ದು. ನನ್ನ ಮಗ ಒಂದು ರಾತ್ರಿ ಇನ್ನು 500 ಕೋಟಿ ವರ್ಷಕ್ಕೆ ಸೂರ್ಯ ಆರಿಹೋಗುತ್ತಾನೆ ಅಂತ ಓದಿ ನಿದ್ದೆ ಮಾಡದೆ ಅತ್ತ. ಬೆಳಿಗ್ಗೆ ಎದ್ದರೆ ಕಾಲುಚೀಲ ಉಲ್ಟಾ ಆಯಿತು ಅಂತ ಮತ್ತೆ ಅಳು. ನಾನು ಸೂರ್ಯನಿಗೆ ಸಮಾಧಾನ ಹೇಳಿ ಕಾಲುಚೀಲಕ್ಕೆ ರೇಗಿದೆ. ಎರಡಕ್ಕೂ ಒಂದೇ ತಾಳ್ಮೆ ಬೇಕಿತ್ತು ಅಲ್ವಾ?

ಇನ್ನೊಂದು ತಪ್ಪು, ದಿನಕ್ಕೆ ಹತ್ತು ಸಲ "ನೀನು ಎಷ್ಟು ಜಾಣ" ಅನ್ನುತ್ತಿದ್ದೆವು. ಏಳನೇ ವಯಸ್ಸಿನಲ್ಲಿ ಮೊದಲ ಸಲ ಒಂದು ಲೆಕ್ಕ ಬರಲಿಲ್ಲ. ರಬ್ಬರಿನಲ್ಲಿ ಉಜ್ಜಿದ, ಮತ್ತೆ ಬರೆದ, ಮತ್ತೆ ಉಜ್ಜಿದ, ಹಾಳೆ ಹರಿದೇ ಹೋಯಿತು. ಮೇಜಿನ ಕೆಳಗೆ ಹೋಗಿ ಕೂತುಬಿಟ್ಟ. ನಾನು ಬಗ್ಗಿ ನೋಡಿದರೆ "ನಾನು ಜಾಣ ಅಲ್ವಾ ಇನ್ಮೇಲೆ?" ಅಂದ. ಎದೆ ಧಸಕ್ ಅಂತು. 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಅನ್ನುವವರು ಐದನೇ ಕ್ಲಾಸಿನ ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದ್ದರು. ಜಾಣರು ಅಂತ ಹೊಗಳಿಸಿಕೊಂಡವರು ಸುಲಭದ್ದನ್ನೇ ಜಾಸ್ತಿ ಆರಿಸಿಕೊಂಡರು, ಶ್ರಮಕ್ಕೆ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದರು, ಅಂಕದ ಬಗ್ಗೆ ಸುಳ್ಳು ಹೇಳಿದ್ದೂ ಅವರೇ ಜಾಸ್ತಿ. ಈ ವಾದವನ್ನು ಒಪ್ಪದವರೂ ಇದ್ದಾರೆ, ಆದರೆ ನಮ್ಮ ಮನೆಯಲ್ಲಿ ಅದು ಮೇಜಿನ ಕೆಳಗೇ ಕೂತಿತ್ತು.

ಆಮೇಲೆ ಅವನಿಗೆ ಸುಲಭಕ್ಕೆ ಬಗ್ಗದ ಏನಾದರೂ ಬೇಕು ಅನ್ನಿಸಿ ಪಿಟೀಲಿಗೆ ಸೇರಿಸಿದೆ. ಜೊತೆಗೆ ನಾನೂ ಸೇರಿದೆ. ತಿಂಗಳುಗಟ್ಟಲೆ ಕಮಾನು ಕಿರ್ ಅನ್ನುತ್ತಿತ್ತು, ನನ್ನದು ಅವನಿಗಿಂತ ಕರ್ಕಶ. ಅಮ್ಮ ದಿನಾ ತಪ್ಪು ಬಾರಿಸಿ, ನಕ್ಕು, ಮತ್ತೆ ಬಾರಿಸೋದನ್ನು ಅವನು ನೋಡಿದ. ನಾನು ಬಾಯಲ್ಲಿ ಹೇಳಿದ ಯಾವ ಮಾತೂ ಅಷ್ಟು ನಾಟಿರಲಿಲ್ಲ.

ಮೇಲಿನ ಕ್ಲಾಸಿಗೆ ಹಾಕಿದರೆ ಮಗು ಒಂಟಿಯಾಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಅಧ್ಯಯನಗಳಲ್ಲಿ ಈ ಭಯಕ್ಕೆ ಅಂಥ ಆಧಾರವೇನೂ ಸಿಕ್ಕಿಲ್ಲ. ನಾವು ಗಣಿತಕ್ಕೆ ಮಾತ್ರ ಎರಡು ಕ್ಲಾಸ್ ಮೇಲೆ ಕೂರಿಸಿದೆವು, ಉಳಿದದ್ದಕ್ಕೆ ಅವನ ವಯಸ್ಸಿನವರ ಜೊತೆಗೇ. ಅವನ ಕೈಬರಹ ಆಗಿನ್ನೂ ಇರುವೆ ಹರಿದ ಹಾಗಿತ್ತು, ಜಾಸ್ತಿ ಬರೆಸುವ ಕ್ಲಾಸಿಗೆ ಹಾಕಿದ್ದರೆ ಒದ್ದಾಡುತ್ತಿದ್ದ. ನಿಮ್ಮ ಶಾಲೆ ಒಪ್ಪುವುದಾದರೆ ಮೊದಲು ಇದನ್ನೇ ಕೇಳಿ ನೋಡಿ.

ಇನ್ನು ಬಂದವರ ಮುಂದೆ ಲೆಕ್ಕ ಹೇಳಿಸೋದು. ನಾವೂ ಮಾಡಿದ್ದೇವೆ, ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಗುತ್ತಿತ್ತು. ಒಂದು ದಿನ ಮೂರು ಉತ್ತರ ಹೇಳಿ, ನನ್ನ ಸೆರಗು ಜಗ್ಗಿ ಕಿವಿಯಲ್ಲಿ ಕೇಳಿದ: "ಅಮ್ಮಾ, ಇನ್ನು ಎಷ್ಟು ಹೇಳಿದರೆ ಆಡೋಕೆ ಬಿಡ್ತೀಯಾ?" ಅವತ್ತೇ ನಿಲ್ಲಿಸಿದೆವು.