ಓದುಗರ ಪ್ರಶ್ನೆ, ನಮ್ಮ ಉತ್ತರ: ಬಿಡುವಿಲ್ಲದ ಮನೆಯ ಕೈತೋಟ

ಪ್ರಶ್ನೆ: ನಾವಿಬ್ಬರೂ ಉದ್ಯೋಗಸ್ಥರು, ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಪ್ರತಿವರ್ಷ ಹುರುಪಿನಿಂದ ಹತ್ತು ಹನ್ನೆರಡು ಬಗೆಯ ತರಕಾರಿ ಬೀಜ ಹಾಕುತ್ತೇವೆ. ಎರಡು ತಿಂಗಳಾಗುವಷ್ಟರಲ್ಲಿ ಅರ್ಧ ಗಿಡಗಳು ಒಣಗಿ, ಉಳಿದವು ಕಳೆಯೊಳಗೆ ಮುಚ್ಚಿಹೋಗಿರುತ್ತವೆ. ದಿನಕ್ಕೆ ಕಾಲುಗಂಟೆಗಿಂತ ಹೆಚ್ಚು ಸಮಯ ಕೊಡಲಾಗದವರು ಕೈತೋಟದ ಆಸೆಯನ್ನೇ ಬಿಡಬೇಕೆ?

ಉತ್ತರ: ಆಸೆಯನ್ನು ಬಿಡಬೇಕಾಗಿಲ್ಲ, ಬೀಜದ ಪೊಟ್ಟಣಗಳಲ್ಲಿ ಮುಕ್ಕಾಲು ಪಾಲನ್ನು ಮಾತ್ರ ಸದ್ಯಕ್ಕೆ ಎತ್ತಿಡಬೇಕು. ಕೈತೋಟ ಎಷ್ಟು ದೊಡ್ಡದಿರಬೇಕೆಂಬುದನ್ನು ಹೆಚ್ಚಿನವರು ಮನೆಯ ಸುತ್ತ ಇರುವ ಜಾಗ ನೋಡಿ ತೀರ್ಮಾನಿಸುತ್ತಾರೆ. ವಾರದಲ್ಲಿ ಅತಿ ಹೆಚ್ಚು ಗಡಿಬಿಡಿ ಇರುವ ದಿನ ನಿಮ್ಮ ಕೈಗೆ ಎಷ್ಟು ನಿಮಿಷ ಸಿಗುತ್ತದೋ ಅದೇ ಸರಿಯಾದ ಅಳತೆ. ನಿಮ್ಮಂಥವರಿಗೆ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದದ ಒಂದೇ ಮಡಿ, ಇಲ್ಲವೇ ಐದಾರು ದೊಡ್ಡ ಕುಂಡಗಳು ಸಾಕು.

ಬೆಳೆಯ ಆಯ್ಕೆಯಲ್ಲೂ ಒಂದು ಲೆಕ್ಕಾಚಾರವಿದೆ. ಬೆಂಡೆ, ಸೌತೆ, ಬೀನ್ಸ್‌ನಂಥವು ಕೊಯ್ಲಿಗೆ ನಮ್ಮ ಬಿಡುವನ್ನು ಕಾಯುವುದಿಲ್ಲ: ಎರಡು ದಿನ ತಡವಾದರೆ ಬೆಂಡೆಯಲ್ಲಿ ನಾರು ಬರುತ್ತದೆ, ಮೇಲಾಗಿ ಕಾಯಿ ಬಲಿತು ಬೀಜ ಕಟ್ಟತೊಡಗಿದರೆ ಗಿಡ ಹೊಸ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಮೆಣಸಿನಕಾಯಿ ಹಾಗಲ್ಲ, ಹಸಿರಿದ್ದಾಗ ಕೀಳದಿದ್ದರೆ ಕೆಂಪಾಗುತ್ತದೆ, ಆಗಲೂ ಅಡುಗೆಗೆ ಬರುತ್ತದೆ. ಪುದೀನ, ಪಾಲಕ್, ಬಸಳೆಗಳನ್ನು ಬೇಕಾದಾಗ ಬೇಕಾದಷ್ಟೇ ಕತ್ತರಿಸಿಕೊಂಡರೆ ಮತ್ತೆ ಚಿಗುರುತ್ತವೆ. ಮೊದಲ ವರ್ಷ ಇಂಥ ತಾಳ್ಮೆಯ ಗಿಡಗಳನ್ನೇ ಬೆಳೆಯಿರಿ. ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಕನಿಷ್ಠ ಆರು ಗಂಟೆಯ ನೇರ ಬಿಸಿಲು ಬೇಕು. ಸೊಪ್ಪುಗಳು ಮೂರು ನಾಲ್ಕು ಗಂಟೆಯಲ್ಲೂ ಹೊಂದಿಕೊಳ್ಳುತ್ತವೆ.

ಇನ್ನು ಸಮಯ ಉಳಿಸುವ ವಿಷಯದಲ್ಲಿ ಹೊದಿಕೆಗೆ ಸಮನಾದದ್ದು ಬೇರೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಣ ಎಲೆ ಅಥವಾ ಹುಲ್ಲನ್ನು 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ, ಕಾಂಡಕ್ಕೆ ತಾಗದಂತೆ ಹರಡಿದರೆ, ಮಣ್ಣಿನ ತೇವ ಆರುವುದು ನಿಧಾನವಾಗುತ್ತದೆ ಮತ್ತು ಬಿಸಿಲು ಕಾಣದ ಕಳೆಯ ಬೀಜಗಳಲ್ಲಿ ಹೆಚ್ಚಿನವು ಮೊಳೆಯುವುದಿಲ್ಲ. ನೀರು ಹಾಕುವ ಮುನ್ನ ಹೊದಿಕೆ ಸರಿಸಿ ಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ; ತುದಿಗೆ ತಂಪು ತಾಗಿ ಮಣ್ಣು ಅಂಟಿಕೊಂಡರೆ ಅಂದಿಗೆ ನೀರು ಬೇಡ. ಈ ಕೆಲಸವನ್ನು ಮನೆಯಲ್ಲಿ ಒಬ್ಬರ ಹೆಸರಿಗೇ ಬರೆದುಬಿಡಿ. ಎಲ್ಲರಿಗೂ ಸೇರಿದ ಕೆಲಸವಾದರೆ ಒಂದು ದಿನ ಗಿಡಕ್ಕೆ ಮೂರು ಸಲ ನೀರು ಬೀಳುತ್ತದೆ, ಮರುದಿನ ಒಮ್ಮೆಯೂ ಬೀಳುವುದಿಲ್ಲ. ಮಕ್ಕಳಿಗೆ ಮೂಲಂಗಿ ಕೊಡಿ: ನಾಲ್ಕೈದು ದಿನದಲ್ಲಿ ಮೊಳಕೆ ಕಾಣಿಸಿಕೊಳ್ಳುತ್ತದೆ, ಬೇಗ ಬರುವ ತಳಿಯಾದರೆ ಒಂದು ತಿಂಗಳಲ್ಲಿ ಕೀಳಬಹುದು, ಅವರ ಉತ್ಸಾಹ ಅಷ್ಟು ದಿನ ಖಂಡಿತ ಬಾಳುತ್ತದೆ.

ಪ್ರಶ್ನೆ: ಕುಂಡದಲ್ಲಿ ಟೊಮೆಟೊ ಬೆಳೆದಿದ್ದೇವೆ. ಕಾಯಿಯ ತಳಭಾಗ ಕಪ್ಪಾಗಿ ಒಳಕ್ಕೆ ಕುಸಿಯುತ್ತಿದೆ. ಬಿಡುವಾದಾಗ, ಹೆಚ್ಚಾಗಿ ವಾರದ ಕೊನೆಗೆ, ಚೆನ್ನಾಗಿ ನೀರು ಹಾಕುತ್ತೇವೆ. ಯಾವ ಔಷಧ ಸಿಂಪಡಿಸಬೇಕು?

ಉತ್ತರ: ಯಾವುದೂ ಬೇಡ. ಇದು ಕೀಟ ಅಥವಾ ಶಿಲೀಂಧ್ರದಿಂದ ಬಂದ ರೋಗವಲ್ಲ. ಬೆಳೆಯುತ್ತಿರುವ ಕಾಯಿಯ ತುದಿಗೆ ಸಾಕಷ್ಟು ಕ್ಯಾಲ್ಸಿಯಂ ತಲುಪದಿರುವುದರ ಗುರುತು. ಕ್ಯಾಲ್ಸಿಯಂ ನೀರಿನೊಂದಿಗೇ ಬೇರಿನಿಂದ ಮೇಲೇರುವುದರಿಂದ, ಕುಂಡ ಕೆಲವು ದಿನ ಬಣಗುಟ್ಟಿ ಮತ್ತೊಂದು ದಿನ ತೊಯ್ದು ತೊಟ್ಟಿಕ್ಕುವಂತಾದರೆ, ಮಣ್ಣಿನಲ್ಲಿ ಅದು ಧಾರಾಳವಾಗಿದ್ದರೂ ಕಾಯಿಗೆ ದಕ್ಕುವುದಿಲ್ಲ. ವಾರಕ್ಕೊಮ್ಮೆ ಸುರಿಯುವ ನೀರನ್ನೇ ಹಂಚಿ, ಮಣ್ಣು ಒಂದೇ ಹದದಲ್ಲಿರುವಂತೆ ನೋಡಿಕೊಳ್ಳಿ. ಕುಂಡ 15-20 ಲೀಟರಿಗಿಂತ ಚಿಕ್ಕದಿದ್ದರೆ ಬದಲಾಯಿಸಿ. ಬುಡಕ್ಕೆ ಮೊಟ್ಟೆಯ ಸಿಪ್ಪೆ ಹಾಕುವ ಸಲಹೆಯನ್ನು ಹಲವರು ಕೊಡುತ್ತಾರೆ, ಆದರೆ ಅದು ಬಹಳ ನಿಧಾನವಾಗಿ ಕರಗುವುದರಿಂದ ಈಗಿನ ಫಸಲಿಗೆ ಉಪಯೋಗವಿಲ್ಲ. ಕೆಟ್ಟ ಕಾಯಿಗಳನ್ನು ಕಿತ್ತುಹಾಕಿ. ನೀರು ಹದಕ್ಕೆ ಬಂದ ಮೇಲೆ ಕಟ್ಟುವ ಕಾಯಿಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ.

ಪ್ರಶ್ನೆ: ಸೌತೆ ಬಳ್ಳಿಯಲ್ಲಿ ಹೂಗಳು ತುಂಬಿವೆ, ಆದರೆ ಎಲ್ಲವೂ ಉದುರುತ್ತಿವೆ. ಕಾರಣವೇನು?

ಉತ್ತರ: ಹೆಚ್ಚಿನ ತಳಿಗಳಲ್ಲಿ ಮೊದಲು ಬರುವುದು ಗಂಡು ಹೂಗಳು, ಅವು ಉದುರುವುದು ಸಹಜ. ತೊಟ್ಟಿನ ಮೇಲೆ, ಹೂವಿಗೆ ಸೇರಿದಂತೆ ಪುಟ್ಟ ಕಾಯಿಯ ಆಕಾರವಿದ್ದರೆ ಅದು ಹೆಣ್ಣು ಹೂ. ಅದೂ ಹಳದಿಯಾಗಿ ಉದುರುತ್ತಿದ್ದರೆ ಪರಾಗಸ್ಪರ್ಶವಾಗಿಲ್ಲವೆಂದೇ ಹೆಚ್ಚಾಗಿ ಅರ್ಥ. ಬೆಳಿಗ್ಗೆ ಮನೆಯಿಂದ ಹೊರಡುವ ಮುನ್ನ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ನಡುವಿನ ಪರಾಗವನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೃದುವಾಗಿ ಸವರಿ.

ಪ್ರಶ್ನೆ: ಒಂದು ವಾರ ಊರಿಗೆ ಹೋಗಬೇಕಾದರೆ ಕುಂಡಗಳ ಗತಿ?

ಉತ್ತರ: ಹೊರಡುವ ದಿನ ಕೀಳಲು ಬರುವ ಕಾಯಿಗಳನ್ನೆಲ್ಲ ಕಿತ್ತು, ಕುಂಡಗಳನ್ನು ನೆರಳಿನಲ್ಲಿ ಒತ್ತೊತ್ತಾಗಿ ಜೋಡಿಸಿ, ತಳದಿಂದ ನೀರಿಳಿಯುವವರೆಗೆ ನೀರು ಹಾಕಿ. ಎತ್ತರದಲ್ಲಿ ಒಂದು ಬಕೆಟ್ ನೀರಿಟ್ಟು, ದಪ್ಪ ಹತ್ತಿಯ ಹಗ್ಗವನ್ನು ಪೂರ್ತಿ ನೆನೆಸಿ, ಒಂದು ತುದಿ ಬಕೆಟ್ಟಿನ ತಳ ಮುಟ್ಟುವಂತೆಯೂ ಇನ್ನೊಂದು ತುದಿ ಕುಂಡದ ಮಣ್ಣಿನೊಳಗೆ ಹೂತಿರುವಂತೆಯೂ ಇಡಿ. ಹೊರಡುವುದಕ್ಕೆ ಎರಡು ದಿನ ಮೊದಲೇ ಇದನ್ನು ಹೂಡಿ ನೋಡಿದರೆ ಹಗ್ಗ ಎಷ್ಟು ನೀರು ಎಳೆಯುತ್ತದೆ, ಬಕೆಟ್ ಎಷ್ಟು ದಿನ ಬರುತ್ತದೆ ಎಂಬುದು ತಿಳಿಯುತ್ತದೆ.