ಹಳೆ ಕೊಟ್ಟಿಗೆಗೇ ಹೋಗುವ ಹಸು

ಸಾಗರದ ಕಡೆಯಿಂದ ಓದುಗರೊಬ್ಬರು ಬರೆದಿದ್ದಾರೆ: “ಹಳೆ ಕೊಟ್ಟಿಗೆ ಬಿಟ್ಟು ತೋಟದ ಪಕ್ಕ ಹೊಸದು ಕಟ್ಟಿಸಿದ್ದೇವೆ. ಮೂರು ವಾರ ಆಯ್ತು. ನಮ್ಮ ಹಸು ಮೇಯ್ದು ಬಂದರೆ ಇವತ್ತಿಗೂ ಹಳೆ ಬಾಗಿಲಲ್ಲೇ ನಿಲ್ಲುತ್ತದೆ. ಪಾಪ ಅಂತ ಅತ್ತೆ ಒಮ್ಮೊಮ್ಮೆ ಅಲ್ಲೇ ಅಕ್ಕಚ್ಚು ಕೊಡುತ್ತಾರೆ. ಡೋಪಮೈನ್ ಸಂತೋಷದ ರಾಸಾಯನಿಕ, ಜಾಸ್ತಿ ಇದ್ದರೆ ಕಲಿಕೆ ಚುರುಕು ಅಂತ ಎಲ್ಲೋ ಓದಿದೆ. ಇದಕ್ಕೆ ಅದು ಕಮ್ಮಿಯಾಗಿದೆಯೇ?”

ಹಸುವಿಗೆ ಏನೂ ಕಮ್ಮಿಯಾಗಿಲ್ಲ ಅನ್ನಿಸುತ್ತದೆ. ಸುಳಿವು ನಿಮ್ಮ ಪತ್ರದಲ್ಲೇ ಇದೆ, ಆಮೇಲೆ ಬರುತ್ತೇನೆ. ಮೊದಲು ಆ ‘ಸಂತೋಷದ ರಾಸಾಯನಿಕ’ದ ಮಾತು. ಮೊಬೈಲ್ ತೆರೆದರೆ ಸಾಕು, ಅದೇ ಪುರಾಣ. ಅಮೆರಿಕದ ಕೆಂಟ್ ಬೆರಿಜ್ ಎಂಬ ವಿಜ್ಞಾನಿ ಇಲಿಗಳ ಮಿದುಳಿನ ಡೋಪಮೈನನ್ನು ಹೆಚ್ಚುಕಮ್ಮಿ ಪೂರ್ತಿ ಇಲ್ಲವಾಗಿಸಿ ನೋಡಿದರು. ನಾಲಿಗೆಗೆ ಸಿಹಿನೀರು ಬಿಟ್ಟರೆ ಅವು ಮೊದಲಿನಂತೆಯೇ ಬಾಯಿ ಚಪ್ಪರಿಸಿದವು. ರುಚಿ ಹೋಗಿರಲಿಲ್ಲ. ಎದ್ದು ಹೋಗಿ ತಿನ್ನಬೇಕು ಎಂಬ ಸೆಳೆತ ಹೋಗಿತ್ತು.

ಹಾಗಾದರೆ ಡೋಪಮೈನ್ ಏನು ಹೇಳುತ್ತದೆ? ಸ್ವಿಟ್ಜರ್ಲೆಂಡಿನ ಫ್ರಿಬೂರ್ ವಿಶ್ವವಿದ್ಯಾಲಯದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಡೋಪಮೈನ್ ನರಕೋಶಗಳಿಗೆ ಕಿವಿಗೊಟ್ಟು ಕೂತರು. ಈ ಕೋಶಗಳು ಸುಮ್ನಿದ್ದಾಗಲೂ ಸೆಕೆಂಡಿಗೆ ನಾಲ್ಕೈದು ಸಲ ಮಿಡಿಯುತ್ತಿರುತ್ತವೆ. ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಬಿದ್ದರೆ ಪಟಪಟನೆ ಮಿಡಿಯುತ್ತವೆ. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ ಆ ಮಿಡಿತ ದೀಪಕ್ಕೇ ಬಂತು, ರಸಕ್ಕೆ ಏನೂ ಇಲ್ಲ! ಸಿಗುವುದು ಗೊತ್ತೇ ಇತ್ತಲ್ಲ. ಇನ್ನು ದೀಪ ಹೊತ್ತಿಯೂ ರಸ ಬರದಿದ್ದರೆ? ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಕೋಶಗಳು ಗಪ್‌ಚಿಪ್ಪಾದವು. ಅಂದರೆ ಅವು ಅಳೆಯುವುದು ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್, ರೀಡ್ ಮಾಂಟೇಗ್ ಸೇರಿ ಇದನ್ನು ಲೆಕ್ಕದ ಸೂತ್ರಕ್ಕೆ ಹೊಂದಿಸಿ ಬರೆದರು.

ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಆ ಮೌನ. ‘ಇಲ್ಲಿ ಇನ್ನೇನೂ ಸಿಗಲ್ಲ, ಬೇರೆ ಕಡೆ ನೋಡು’ ಅಂತ ಮಿದುಳಿಗೆ ಗೊತ್ತಾಗುವುದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಹೊಸದನ್ನು ಕಲಿಯುವುದು ಒಂದು ಕೆಲಸ, ಕಲಿತದ್ದನ್ನು ತಿರುಗಿಸಿ ಕಲಿಯುವುದು ಇನ್ನೊಂದು. ಅಮೆರಿಕದಲ್ಲಿ ವರ್ವೆಟ್ ಕೋತಿಗಳಿಗೆ ಮೂರು ಡಬ್ಬಿ ಇಟ್ಟರು. ಮುಚ್ಚಳದ ಮೇಲೆ ಬೇರೆ ಬೇರೆ ಚಿತ್ರ, ಒಂದರಲ್ಲಿ ಮಾತ್ರ ತಿಂಡಿ. ನರಕೋಶದ ಮೇಲೆ ಡೋಪಮೈನ್ ಬಂದು ಕೂರುವ ಡಿ2 ಎಂಬ ಗ್ರಾಹಿಯನ್ನು ಔಷಧಿಯಿಂದ ಮುಚ್ಚಿದಾಗಲೂ ಅವು ಹೊಸ ಚಿತ್ರ ಕಲಿತವು, ಹಳೆಯದನ್ನು ನೆನಪಿಟ್ಟವು. ತಿಂಡಿಯ ಡಬ್ಬಿ ಬದಲಾಯಿಸಿದಾಗ ಮಾತ್ರ ಎಡವಿದವು. 2007ರ ಪ್ರಯೋಗ ಇದು.

ಹಾಗಂತ ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವಂತಿಲ್ಲ. ಪಾರ್ಕಿನ್ಸನ್ ರೋಗಿಗಳಲ್ಲಿ ಡೋಪಮೈನ್ ಕಡಿಮೆ, ಔಷಧಿ ಅದನ್ನು ಏರಿಸುತ್ತದೆ. 2004ರಲ್ಲಿ ಮೈಕಲ್ ಫ್ರ್ಯಾಂಕ್ ಮತ್ತು ಸಂಗಡಿಗರು ಕಂಡದ್ದು ಹೀಗೆ: ಔಷಧಿ ತೆಗೆದುಕೊಂಡಾಗ ರೋಗಿಗಳು ಗೆಲುವಿನಿಂದ ಚೆನ್ನಾಗಿ ಕಲಿತರು, ತೆಗೆದುಕೊಳ್ಳದಿದ್ದಾಗ ತಪ್ಪಿನಿಂದ. ಅವರ ವಿವರಣೆ ಸರಳ. ಮಡಕೆ ಯಾವಾಗಲೂ ತುಂಬಿದ್ದರೆ ಮಟ್ಟ ಇಳಿದದ್ದು ತಿಳಿಯುವುದಾದರೂ ಹೇಗೆ? (ಮಡಕೆ ನನ್ನದು, ಅವರದ್ದಲ್ಲ. ಇದನ್ನು ಓದಿ ಯಾರೂ ಔಷಧಿ ಬಿಡಬೇಡಿ.)

ಡೋಪಮೈನೊಂದೇ ಅಲ್ಲ, ಸೆರೊಟೊನಿನ್ ಎಂಬ ಮಿದುಳಿನ ಇನ್ನೊಂದು ರಾಸಾಯನಿಕಕ್ಕೂ ಇದರಲ್ಲಿ ಕೈ ಇದೆ. ಅದು ಇನ್ನೊಂದು ಸಂಚಿಕೆಗೆ ಇರಲಿ.

ಈಗ ಅತ್ತೆಯವರ ವಿಷಯ. ಇದೆಲ್ಲ ಕೋತಿ, ಇಲಿಗಳಲ್ಲಿ ಕಂಡದ್ದು ನಿಜ. ಆದರೆ ಒಮ್ಮೊಮ್ಮೆ ಮಾತ್ರ ಸಿಗುವ ತಿಂಡಿಯ ಆಸೆ, ದಿನಾ ಸಿಕ್ಕಿ ನಿಂತುಹೋದ ತಿಂಡಿಯ ಆಸೆಗಿಂತ ಗಟ್ಟಿ ಅನ್ನುವುದು ಎಷ್ಟೋ ಪ್ರಾಣಿಗಳಲ್ಲಿ ಕಂಡ ಹಳೆ ಸಂಗತಿ. ಹಳೆ ಬಾಗಿಲಲ್ಲಿ ಇವತ್ತು ಸಿಗಲಿಲ್ಲ, ನಾಳೆ ಸಿಗಬಹುದು ಅಂತ ಹಸು ಕಾಯುತ್ತದೆ. ಅದರ ಲೆಕ್ಕ ತಪ್ಪೇನಲ್ಲ, ಸಿಗುತ್ತಲೂ ಇದೆಯಲ್ವಾ! ಅತ್ತೆಗೆ ಡೋಪಮೈನ್ ಪಾಠ ಹೇಳಲು ಹೋಗಬೇಡಿ. ಅಕ್ಕಚ್ಚಿನ ಬಕೆಟ್ಟನ್ನು ಹೊಸ ಕೊಟ್ಟಿಗೆಯಲ್ಲೇ ಇಟ್ಟುಬಿಡಿ.

– ಸಂ.